ಅತ್ತೆಯವರ ಮೊಣಕಾಲು, ಗೋಳಗುಮ್ಮಟದ ಹಾದಿ

ಹೋದ ಮಾಗಿಯಲ್ಲಿ ನಮ್ಮ ಅತ್ತೆಯವರಿಗೆ ಮೊಣಕಾಲಿನ ಆಪರೇಶನ್ ಆಯಿತು. ಹೊಲಿಗೆ ಬಿಚ್ಚಿದ ದಿನ ಡಾಕ್ಟರರು, "ಇನ್ನು ಮಲಗಿಸಬೇಡಿರಿ. ಸಪಾಟು ನೆಲದ ಮೇಲೆ ದಿನಾ ನಡೆಸಿರಿ, ಇಲ್ಲದಿದ್ದರೆ ಕಾಲು ಬಿಗಿದು ಹೋಗುತ್ತದೆ" ಎಂದರು. ನಮ್ಮ ನಿಡೋಣಿಯ ಓಣಿಯಲ್ಲಿ ಸಪಾಟು ನೆಲವೆಂದರೆ ಮನೆಯ ಪಡಸಾಲೆಯೊಂದೇ. ಹೊರಗೆ ಕಾಲಿಟ್ಟರೆ ಕಲ್ಲು, ಗಟಾರು, ದಾರಿಗೆ ಅಡ್ಡ ಕಟ್ಟಿದ ಎಮ್ಮೆ. ಅದಕ್ಕೇ ಹತ್ತು ದಿನ ವಿಜಯಪುರದಲ್ಲೇ ಹೋಟೆಲಿನ ರೂಮು ಹಿಡಿದೆವು.

ಹೋಟೆಲಿನ ಬಾಗಿಲಲ್ಲೇ ಮೊದಲ ಪೇಚು. ಎರಡು ಅಡಿ ಎತ್ತರದ ಕಟ್ಟೆಗೆ ಮೂರೇ ಅಡಿ ಉದ್ದದ ಇಳಿಜಾರು! "ಇದು ಏರೂ ಹಾದಿ ಅಲ್ಲವಾ ತಂಗಿ, ಹುಡುಗ್ರು ಜಾರೂ ಬಂಡಿ" ಎಂದು ಅತ್ತೆಯವರು ವಾಕರ್ ಹಿಡಿದು ನಿಂತೇಬಿಟ್ಟರು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಇಳಿಜಾರು ಇರಬೇಕೆಂಬುದು ಲೆಕ್ಕ. ಎರಡು ಅಡಿಗೆ 24 ಅಡಿ. ಸಾರ್ವಜನಿಕರು ಬಳಸುವ ಕಟ್ಟಡಗಳೊಳಗೆ ಅಂಗವಿಕಲರೂ ಹೋಗಿಬರುವಂತಿರಬೇಕೆಂದು 2016ರ ಕಾಯ್ದೆ ಹೇಳುತ್ತದೆ. ರೂಮು ಕೇಳುವಾಗ ಬಾಡಿಗೆಯೊಂದನ್ನೇ ಕೇಳದೆ ಬಾಗಿಲ ಮೆಟ್ಟಿಲು ಎಷ್ಟು, ಬಚ್ಚಲಿಗೆ ಹೊಸ್ತಿಲು ಇದೆಯೇ ಎಂದೂ ಕೇಳಿರಿ. ನಾನು ಕೇಳಿರಲಿಲ್ಲ.

ಮರುದಿನ ಇಳಿಹೊತ್ತಿಗೆ ಆಟೋದಲ್ಲಿ ಗೋಳಗುಮ್ಮಟಕ್ಕೆ ಕರೆದೊಯ್ದೆ. ಟಿಕೀಟು ತೆಗೆಸಿ ಒಳಗೆ ಹೋದರೆ ನೇರವಾದ ಹಾಸಿದ ದಾರಿ, ಎರಡೂ ಕಡೆ ಹಸಿರು ಹುಲ್ಲು, ಎದುರಿಗೆ ನಗಾರಖಾನೆ. ಅದರಲ್ಲಿ 1892ರಿಂದ ವಸ್ತುಸಂಗ್ರಹಾಲಯವಿದೆ. ಅತ್ತೆಯವರು ಇಪ್ಪತ್ತು ಹೆಜ್ಜೆ ನಡೆದು, "ನಾ ಒಲ್ಲೆ, ಮಂದಿ ನೋಡಾಕತ್ತಾರ" ಎಂದು ಕುಳಿತರು. ಎಷ್ಟು ಹೇಳಿದರೂ ಏಳಲಿಲ್ಲ. ನನಗೋ ಅಳುವೇ ಬಂತು. ಆಪರೇಶನ್ನಿಗೆ ಹೊಲದ ಪೀಕು ಮಾರಿದ ದುಡ್ಡು ಹೋಗಿತ್ತು.

ಆಗ ಅವರೇ ಗುಮ್ಮಟದ ಕಡೆ ನೋಡುತ್ತಾ ಬಾಯಿಬಿಟ್ಟರು. ಮದುವೆಯಾದ ವರ್ಷ ಮಾವನವರ ಜೊತೆ ಏಳು ಅಂತಸ್ತು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋಗಿದ್ದರಂತೆ. ಒಳಗಡೆ 124 ಅಡಿ ಅಗಲದ ಗುಮ್ಮಟ. ಆ ತುದಿಯಲ್ಲಿ ಮಾವನವರು, ಈ ತುದಿಯಲ್ಲಿ ಇವರು. ಗಂಡನ ಹೆಸರು ಹೇಳುವಂತಿಲ್ಲ, ಏನೆಂದು ಕೂಗುವುದು? "ಬರ್ರೀ" ಅಂದೆ, ಅಷ್ಟೂ ಗ್ವಾಡಿ "ಬರ್ರೀ, ಬರ್ರೀ" ಅಂದುವು, ಎಂದು ನಕ್ಕರು. ಮಾವನವರು ತೀರಿಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. "ಬಾಗಲಾ ಮಟಾ ಹೋಗಿ ಬರೂಣು" ಎಂದು ತಾವೇ ಎದ್ದರು. ಬಾಗಿಲು ಮುಟ್ಟಲು ಆರು ದಿನ ಬೇಕಾಯಿತು, ಅದು ಬೇರೆ ಮಾತು.

ಮುಂಜಾನೆ ಗಗನಮಹಲಿನ ಕಡೆ ಹೋಗುತ್ತಿದ್ದೆವು. 1561ರ ಸುಮಾರಿಗೆ ಮೊದಲನೆಯ ಅಲಿ ಆದಿಲಶಾಹ ಕಟ್ಟಿಸಿದ್ದು; ಊರ ನಡುವೆ ಇರುವುದರಿಂದ ದೂರದ ಪ್ರಯಾಣವಿಲ್ಲ. ಆ ದೊಡ್ಡ ಕಮಾನಿನ ಎದುರು ತೋಟದಲ್ಲಿ ಕುಳಿತರೆ ಎದ್ದುಬರಲು ಮನಸ್ಸಾಗದು. ಬಾರಾಕಮಾನು ಎತ್ತರದ ಜಗಲಿಯ ಮೇಲಿದೆ, ಕೆಳಗಿನಿಂದಲೇ ನೋಡಿದೆವು. ಇಬ್ರಾಹಿಂ ರೋಜಾದಲ್ಲೂ ಗೋರಿ, ಮಸೀದಿ ಎರಡೂ ಎತ್ತರದ ಕಟ್ಟೆಯ ಮೇಲೆ. ಸುತ್ತಲಿನ ತೋಟ ಮಾತ್ರ ಬಲು ಸೊಗಸು.

ನಮ್ಮ ಜಿಲ್ಲೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಬೇಗ, ಇಲ್ಲವೇ ಹೊತ್ತು ಇಳಿದ ಮೇಲೆ ಹೋಗಿರಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಚಪ್ಪಲಿಯೇ ಸರಿ. ಸೀರೆಯನ್ನು ಎರಡು ಬೆರಳು ಎತ್ತಿ ಉಡಿಸಿರಿ. ನೀರಿನ ಬಾಟಲಿ, ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿರಲಿ. ನಡೆಯುವವರ ತೋಳು ಹಿಡಿದು ಎಳೆಯಬೇಡಿರಿ, ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ಇರಿ.

ಈಗ ಅತ್ತೆಯವರು ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಇಬ್ರಾಹಿಂ ರೋಜಾದ ಮೆಟ್ಟಿಲು ಹತ್ತಬೇಕಂತೆ! ಅದಕ್ಕೆ ದಿನಾ ಸಂಜೆ ನಮ್ಮ ಅಡಿಗೆಮನೆಯ ಮೆಟ್ಟಿಲನ್ನೇ ಹತ್ತಿ ಇಳಿದು ಮಾಡುತ್ತಾರೆ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ನನಗೆ ತುಸು ಅಡ್ಡ, ಆದರೂ ಏನೂ ಅನ್ನುವುದಿಲ್ಲ.