ಸಂಪರ್ಕ ಕಡಿದ ದಿನ ಪಹಣಿ ಎಲ್ಲಿ?

ಸಿರುಗುಪ್ಪದ ಕಡೆಯ ಭತ್ತದ ರೈತನಿಗೆ ಬೆಳೆಸಾಲ ಬೇಕಾದರೆ ಪಹಣಿ ಬೇಕು. ಸರ್ವೆ ನಂಬರು, ಒಡೆಯನ ಹೆಸರು, ವಿಸ್ತೀರ್ಣ, ಬೆಳೆ, ಋಣ ಇವೆಲ್ಲ ಅದರಲ್ಲಿವೆ. ಆ ಲೆಕ್ಕ ದೂರದ ಊರಿನ ಗಣಕಯಂತ್ರದಲ್ಲಿದ್ದು, ನಡುವಣ ಸಂಪರ್ಕ ಕಡಿದುಹೋದರೆ ಅವನ ಅಂದಿನ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಹಾಗಾದರೆ ಲೆಕ್ಕವನ್ನು ಎಲ್ಲಿ ಇಡುವುದು ಲೇಸು?

ಪ್ರಶ್ನೆ ಹೊಸದಲ್ಲ. 1953ರವರೆಗೆ ಮದರಾಸಿಗೆ ಸೇರಿದ್ದ ನಮ್ಮ ಬಳ್ಳಾರಿ ಸೀಮೆಯಲ್ಲಿ ಊರಿನ ಲೆಕ್ಕ ಕರಣಂ ಅವರ ವಶದಲ್ಲಿರುತ್ತಿತ್ತು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಅದನ್ನು ತಾಲ್ಲೂಕಿನ ಲೆಕ್ಕದೊಡನೆ ತಾಳೆ ನೋಡುತ್ತಿದ್ದರು. ಈಗಿನ ತಜ್ಞರು ದೊಡ್ಡ ಹೆಸರಿಟ್ಟು ಕರೆಯುವ ವಿಕೇಂದ್ರಿತ ದಫ್ತರದ ತಿರುಳು ಇದೇ: ಬರೆಯುವುದು ಹತ್ತಿರದಲ್ಲಿ, ತಾಳೆ ನೋಡುವುದು ಅನುಕೂಲವಾದಾಗ. ಆದರೆ ಆ ಏರ್ಪಾಡಿನ ದೋಷವನ್ನು ಮುಚ್ಚಿಡಬಾರದು. ಬರೆದದ್ದನ್ನು ತಿದ್ದಿದರೆ, ತಿದ್ದಿದವರು ಯಾರೆಂದು ಬಡ ರೈತ ಕಂಡುಹಿಡಿಯುವುದು ಕಷ್ಟವಾಗಿತ್ತು.

2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಮೊದಮೊದಲು ಆಯಾ ತಾಲ್ಲೂಕಿನ ಲೆಕ್ಕ ಆಯಾ ತಾಲ್ಲೂಕು ಕಛೇರಿಯ ಯಂತ್ರದಲ್ಲೇ ಇತ್ತು. ಬೆಂಗಳೂರಿನ ಹಂಗಿಲ್ಲದೆ 15 ರೂಪಾಯಿಗೆ ಪಹಣಿ ಕೈಗೆ ಬರುತ್ತಿತ್ತು. ತಿದ್ದುವ ನೌಕರನು ಬೆರಳೊತ್ತಿಯೇ ಒಳಹೊಗಬೇಕಾಗಿತ್ತು. ಆಮೇಲೆ ಲೆಕ್ಕವೆಲ್ಲ ಕೇಂದ್ರಕ್ಕೆ ಸೇರಿತು. ಎಲ್ಲಿ ಬೇಕಾದರೂ ಪಹಣಿ ಪಡೆಯುವ ಸೌಕರ್ಯ ಬಂತು, ಜತೆಗೆ ಸಂಪರ್ಕದ ಹಂಗೂ ಬಂತು.

ಪ್ರತಿಯನ್ನು ಹತ್ತೂರಲ್ಲಿಟ್ಟರೆ ಕೆಡುಕಿಲ್ಲ. ಅದು ನಿನ್ನೆಯದಾದರೂ ಚಿಂತೆಯಿಲ್ಲ, ಯಾವ ದಿನದ್ದೆಂದು ಮೇಲೆ ನಮೂದಾಗಿದ್ದರೆ ಸಾಕು. ತೊಡಕಿರುವುದು ಬರೆಯುವುದರಲ್ಲಿ. ಸಂಪರ್ಕವಿಲ್ಲದ ದಿನ ಒಂದೇ ಹೊಲವನ್ನು ಸಿರುಗುಪ್ಪದಲ್ಲಿ ಒಬ್ಬನ ಹೆಸರಿಗೂ ಬಳ್ಳಾರಿಯಲ್ಲಿ ಮತ್ತೊಬ್ಬನ ಹೆಸರಿಗೂ ಬರೆದರೆನ್ನಿ. ಮರುದಿನ ಎರಡು ಯಂತ್ರಗಳೂ ಮಾತಾಡಿಕೊಂಡಾಗ ಯಾವುದು ದಿಟ? ಗಡಿಯಾರವನ್ನು ನಂಬುವಂತಿಲ್ಲ, ಎರಡು ಯಂತ್ರಗಳ ವೇಳೆ ಒಂದೇ ಇರಬೇಕೆಂದೇನಿಲ್ಲ. ಆದುದರಿಂದ ಒಂದು ಊರಿನ ಲೆಕ್ಕಕ್ಕೆ ಬರೆಯುವ ಕೈ ಒಂದೇ ಇರಬೇಕು. ಉಳಿದ ಕಡೆಯವರು ಕ್ರಮಸಂಖ್ಯೆ ಹಾಕಿ ಅರ್ಜಿಯನ್ನಷ್ಟೇ ಕಾದಿರಿಸಬೇಕು. ಇದರಿಂದ ಒಂದೆರಡು ದಿನ ತಡವಾದೀತು. ಹೊಲಕ್ಕೆ ಇಬ್ಬರು ಒಡೆಯರು ಹುಟ್ಟಿಕೊಳ್ಳುವುದಕ್ಕಿಂತ ಆ ತಡವೇ ವಾಸಿ.

ನಂಬರಿನದೂ ಒಂದು ಮಾತಿದೆ. ಒಂದೇ ಸರ್ವೆ ನಂಬರು ಎಷ್ಟೋ ಊರುಗಳಲ್ಲಿ ಇರುತ್ತದೆ. ಅದರೊಂದಿಗೆ ಊರಿನ ಗುರುತೂ ಬೇಕು. ಆ ಗುರುತಿನಲ್ಲಿ ತಾಲ್ಲೂಕಿನ ಹೆಸರನ್ನು ಹೆಣೆದುಬಿಟ್ಟರೆ, 2017ರಲ್ಲಿ ಹೊಸ ತಾಲ್ಲೂಕೆಂದು ಘೋಷಣೆಯಾದ ಕುರುಗೋಡಿನಂಥ ಕಡೆ ಹಳೆಯ ಕಾಗದಗಳೆಲ್ಲ ದಿಕ್ಕುತಪ್ಪುತ್ತವೆ. ತಾಲ್ಲೂಕು ಪಕ್ಕದ ಕಲಮಿನಲ್ಲಿರಲಿ. ಗಡಿ ಬದಲಾದಾಗ ಅದೊಂದನ್ನು ತಿದ್ದಿದರಾಯಿತು. ಅಜ್ಜನ ಕ್ರಯಪತ್ರದ ನಂಬರನ್ನು ಮುಟ್ಟಬೇಕಾಗಿಲ್ಲ.