ಟರ್ನೊವೊದಲ್ಲಿ ಓದು, ಸಂಜೆ ಇಂಗ್ಲಿಷ್ ಪಾಠ: ಕೊಪ್ಪಳದಿಂದ ಹೊರಡುವವರ ಲೆಕ್ಕ

ಬಲ್ಗೇರಿಯಾದ ವೆಲಿಕೊ ಟರ್ನೊವೊ ಯಾಂತ್ರಾ ನದಿ ಸುತ್ತುವರಿದ ಗುಡ್ಡಗಳ ಮೇಲಿನ ಊರು. 1393ರಲ್ಲಿ ಆಟೊಮನ್ ತುರ್ಕರ ವಶವಾಗುವ ತನಕ ಸಾಮ್ರಾಜ್ಯವೊಂದರ ರಾಜಧಾನಿ. ಆಗ ಇತ್ತ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರಕ್ಕೆ ಇನ್ನೂ ಅರವತ್ತು ತುಂಬಿರಲಿಲ್ಲ. ಆನೆಗೊಂದಿಯ ಕೋಟೆ ನೋಡಿ ಬೆಳೆದವರಿಗೆ ಅಲ್ಲಿನ ತ್ಸಾರೆವೆತ್ಸ್ ಕೋಟೆ ತೀರ ಪರಕೀಯ ಅನ್ನಿಸಲಿಕ್ಕಿಲ್ಲ. ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸ್ ಹೆಸರಿನ ವಿಶ್ವವಿದ್ಯಾಲಯವೂ ಅಲ್ಲಿದೆ. ಹಗಲು ಓದಿ, ಸಂಜೆ ಇಂಗ್ಲಿಷ್ ಕಲಿಸಿ ಖರ್ಚು ತೂಗಿಸಿದರಾಯಿತು ಎಂದುಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಓದು ಆಗುವ ಮಾತು, ಪಾಠದ ದುಡ್ಡನ್ನು ನೆಚ್ಚಿ ಮಾತ್ರ ಹೊರಡಬೇಡಿ.

ಬಾಲ್ಕನ್ ಊರುಗಳಲ್ಲಿ ಇಂಗ್ಲಿಷ್ ಕಲಿಸುವ ಅಮೆರಿಕದ ಹುಡುಗರಲ್ಲಿ ಅನೇಕರು ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಯೋಜನೆಯಡಿ ಸಹಾಯಕ ಶಿಕ್ಷಕರಾಗಿ ಹೋದವರು. ಅದು ಅಮೆರಿಕದ ನಾಗರಿಕರಿಗಷ್ಟೇ ಸಿಗುವ ಅವಕಾಶ. ನಮ್ಮ ತರುಣ ಇಂಗ್ಲಿಷ್ ಶಿಕ್ಷಕರಿಗಿರುವ ಫುಲ್‌ಬ್ರೈಟ್ ದಾರಿ ಅಮೆರಿಕದ ಕಡೆಗೇ ಹೋಗುತ್ತದೆ. ಅಲ್ಲಿ ಹಿಂದಿಯಂಥ ಭಾರತೀಯ ಭಾಷೆ ಕಲಿಸುತ್ತ ಜೊತೆಗೆ ಒಂದೆರಡು ವಿಷಯ ಓದಬಹುದು. ಇನ್ನು ಖಾಸಗಿ ಭಾಷಾಶಾಲೆಗಳು. ಇಂಗ್ಲಿಷ್ ತಾಯ್ನುಡಿಯಾದವರೇ ಬೇಕೆಂಬ ಹಟ ಅಲ್ಲಿ ಸಾಮಾನ್ಯ. ಅನ್ಯಾಯವೇ, ಆದರೆ ಇದೆ. ಸೆಲ್ಟಾದಂಥ ಬೋಧನಾ ಪ್ರಮಾಣಪತ್ರವಿದ್ದರೆ ಸ್ವಲ್ಪ ಬಲ ಬರುತ್ತದೆ. ಅಷ್ಟಾದರೂ, ಬಲ್ಗೇರಿಯಾದಲ್ಲಿ ಹೊರದೇಶದ ಪೂರ್ಣಾವಧಿ ವಿದ್ಯಾರ್ಥಿ ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ.

ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನು ಪ್ರವೇಶಕ್ಕೆ ಮೊದಲೇ ಕೇಳಿ. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಅಲ್ಲದಿದ್ದರೆ ಸಿರಿಲಿಕ್ ಲಿಪಿಯಿಂದ ಆರಂಭಿಸಿ ಬಲ್ಗೇರಿಯನ್ ಕಲಿಯುವ ಪೂರ್ವಸಿದ್ಧತಾ ವರ್ಷವೊಂದು ಸೇರಿಕೊಳ್ಳುತ್ತದೆ. ಅದರ ಶುಲ್ಕ, ಊಟ, ಬಾಡಿಗೆ ಎಲ್ಲ ಬೇರೆ.

ನಮ್ಮ ಕಡೆಯವರು ಹೆಚ್ಚು ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ‘ಬಸವರಾಜ ಎಚ್.’, ಆಧಾರಿನಲ್ಲಿ ‘ಬಸವರಾಜ ಹನುಮಪ್ಪ’, ಪದವಿ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಸೇರಿಸಿ ‘ಬಸವರಾಜ ಕುರಿ’. ಕುಷ್ಟಗಿ ಸಂತೆಯಲ್ಲಿ ಮೂವರೂ ಒಬ್ಬನೇ. ವೀಸಾ ಅಧಿಕಾರಿಗೆ ಮೂರು ಜನ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಹೆಸರು ಒಂದೇ ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪಟ್ಟಿಗಳ ತಿದ್ದುಪಡಿಗೆ ಓದಿದ ಶಾಲೆ-ಕಾಲೇಜಿನ ಮೂಲಕ ಪರೀಕ್ಷಾ ಮಂಡಳಿಗೆ, ಪದವಿಯದಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಇದು ಒಂದು ವಾರದ ಕೆಲಸವಲ್ಲ.

ಆಮೇಲೆ ಮುದ್ರೆಗಳು. ಪಿಯುಸಿ, ಪದವಿ ಪ್ರಮಾಣಪತ್ರಗಳಿಗೆ ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣ, ಅದರ ಮೇಲೆ ಹೊರದೇಶದಲ್ಲಿ ಒಪ್ಪುವಂಥ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಕೊನೆಗೆ ಬಲ್ಗೇರಿಯನ್ ಅನುವಾದ. ಈ ಅನುಕ್ರಮ ತಪ್ಪಿದರೆ ಮತ್ತೆ ಬೆಂಗಳೂರಿಗೆ ಬಸ್ ಹತ್ತಬೇಕಾದೀತು. ಪ್ರವೇಶಪತ್ರ ಬಂದ ಬಳಿಕ ದೀರ್ಘಾವಧಿಯ ‘ಡಿ’ ವೀಸಾ. ಅದಕ್ಕೆ ಪೊಲೀಸ್ ಪರಿಶೀಲನಾ ಪತ್ರ, ವಿಮೆ, ಹಣದ ಪುರಾವೆ ಬೇಕು. ತರಗತಿಗಳು ಅಕ್ಟೋಬರಿನ ಹೊತ್ತಿಗೆ ಶುರುವಾಗುತ್ತವೆ. ಕಾಗದದ ಕೆಲಸ ಹಿಂದಿನ ದೀಪಾವಳಿಗೇ ಹಿಡಿದರೆ ಒಳ್ಳೆಯದು.

ಹಣಕ್ಕೆ ಹೊಲ ಇದೆಯಲ್ಲ ಎನ್ನುತ್ತಾರೆ ಮನೆಯ ಹಿರಿಯರು. ಗಂಗಾವತಿಯ ಕಾಲುವೆ ಗದ್ದೆಯಾಗಲಿ, ಯಲಬುರ್ಗಾದ ಎರೆಹೊಲವಾಗಲಿ, ಶಿಕ್ಷಣ ಸಾಲಕ್ಕೆ ಕೃಷಿಭೂಮಿಯನ್ನು ಒತ್ತೆ ಹಿಡಿಯಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಸಾಲ ತೀರದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿ ಜಪ್ತಿ ಮಾಡಿಸುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ, ಅದಕ್ಕೇ. ಪೇಟೆಯ ಮನೆ ಅಥವಾ ಎನ್ಎ (ಕೃಷಿಯೇತರ) ಆದ ನಿವೇಶನ ಕೇಳುತ್ತಾರೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮನೆಯ ಮಕ್ಕಳಿಗೆ ದೊಡ್ಡ ಆಸರೆ. ಆದರೆ ಅದು ಜಾಗತಿಕ ಶ್ರೇಯಾಂಕದಲ್ಲಿ ಮೇಲಿರುವ ವಿಶ್ವವಿದ್ಯಾಲಯಗಳಿಗೆ ಮೀಸಲು. ಟರ್ನೊವೊ ಆ ಪಟ್ಟಿಗೆ ಬರುವುದಿಲ್ಲ. ಜಾತಿಯ ಮಿತಿಯಿಲ್ಲದೆ ಪ್ರಯತ್ನಿಸಬಹುದಾದದ್ದು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್. ಹಲವು ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಸ್ನಾತಕೋತ್ತರ ಪದವಿ ಅದು, ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೊ. ಪೈಪೋಟಿ ಜೋರು, ಆದರೂ ಅರ್ಜಿಗೆ ಖರ್ಚಿಲ್ಲ.

ಹಳೆಯ ಲೇಖನಗಳಲ್ಲಿ ಖರ್ಚಿನ ಲೆಕ್ಕ ಲೆವ್ ನಾಣ್ಯದಲ್ಲಿರುತ್ತದೆ, ಗಮನಿಸಿ. 2026ರ ಜನವರಿ 1ರಿಂದ ಬಲ್ಗೇರಿಯಾದಲ್ಲೂ ಯೂರೊ ಚಲಾವಣೆಗೆ ಬಂದಿದೆ.