16ನೇ ನಂಬರಿನ ನಡಿಗೆ

ದೂರದಲ್ಲಿ ಹಾರಿಹೋಗುವ ಮರಕುಟಿಗದ ಮುಖ ಯಾರಿಗೂ ಕಾಣುವುದಿಲ್ಲ. ಒಂದಷ್ಟು ರೆಕ್ಕೆಬಡಿತ, ರೆಕ್ಕೆ ಮುಚ್ಚಿ ಒಂದು ಜಾರು, ಮತ್ತೆ ಬಡಿತ. ಆ ಏರಿಳಿತ ಕಂಡರೆ ಸಾಕು, ಹೆಸರು ಬಾಯಿಗೆ ಬರುತ್ತದೆ. ಅಮೆರಿಕದ ಕಾಲೇಜು ಐಸ್ ಹಾಕಿಯವರನ್ನೂ ಹೀಗೇ ಗುರುತು ಹಿಡಿಯಬೇಕು. ಅಲ್ಲಿ ಮುಖಕ್ಕೆ ಪೂರ್ತಿ ರಕ್ಷಣೆ ಕಡ್ಡಾಯ. ಹೆಚ್ಚಿನವರು ತಂತಿ ಜಾಲರಿಯ ಹಿಂದೆ ಇರುತ್ತಾರೆ. ಆ್ಯಮ್ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಹಳೆಯ ಪಂದ್ಯಗಳನ್ನು ಹಾಕಿಕೊಂಡು ನಾನು ಕೂರುವುದು ಒಬ್ಬನ ನಡಿಗೆಗಾಗಿ. ಮರೂನ್ ತಂಡ, ನಂಬರು 16, ಡಿಫೆನ್ಸ್‌ಮನ್ (ರಕ್ಷಣೆಯ ಆಟಗಾರ) ಕೇಲ್ ಮಕಾರ್.

ನನ್ನದೊಂದು ತಕರಾರಿದೆ. ಕ್ಯಾಮೆರಾ ಪಕ್‌ನ, ಅಂದರೆ ಆಟದ ರಬ್ಬರ್ ಬಿಲ್ಲೆಯ, ಬೆನ್ನು ಬಿಡುವುದಿಲ್ಲ, ಡಿಫೆನ್ಸ್‌ಮನ್ನನ ಅರ್ಧ ಬದುಕು ಪಕ್ ಇಲ್ಲದ ಕಡೆ ನಡೆಯುತ್ತದೆ. ಹಾಗಾಗಿ ನನ್ನ ಹಕ್ಕಿ ಆಗಾಗ ಚೌಕಟ್ಟಿನಿಂದ ಆಚೆ ಹಾರಿಬಿಡುತ್ತದೆ. ಹಿಂದಕ್ಕೆ ತಿರುಗಿಸಿ, ನಿಲ್ಲಿಸಿ, ಮತ್ತೆ ನೋಡುತ್ತೇನೆ.

ಮೊದಲು ಕಾಲು. ಸ್ಕೇಟಿನ ಅಲಗು ಸುಮಾರು 3 ಮಿಲಿಮೀಟರ್ ದಪ್ಪ. ಅದರ ತಳ ಚಪ್ಪಟೆಯಲ್ಲ. ಉದ್ದಕ್ಕೂ ಒಂದು ಸಣ್ಣ ತೋಡು ಬರುವಂತೆ ಸಾಣೆ ಹಿಡಿದಿರುತ್ತಾರೆ. ಅದರಿಂದ ಒಂದೇ ಅಲಗಿಗೆ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಎದುರಾಳಿ ಪಕ್ ಹಿಡಿದು ನುಗ್ಗಿ ಬರುವಾಗ ಈತ ಅವನಿಗೆ ಮುಖ ಕೊಟ್ಟೇ ಹಿಂದಕ್ಕೆ ಜಾರುತ್ತಾನೆ. ಒಳ ಅಂಚು ಮಂಜುಗಡ್ಡೆಯ ಮೇಲೆ ಅರ್ಧಚಂದ್ರ ಗೀರುತ್ತದೆ, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ಸ್ಟಿಕ್‌ನಷ್ಟು ದೂರ. ಹೆಚ್ಚು ಬಿಟ್ಟರೆ ಅವನು ಗೋಲಿನತ್ತ ಹೊಡೆಯುತ್ತಾನೆ, ಕಡಿಮೆ ಮಾಡಿದರೆ ಪಕ್ಕಕ್ಕೆ ಸರಿದು ದಾಟಿಬಿಡುತ್ತಾನೆ. ಒಳ್ಳೆಯ ಡಿಫೆನ್ಸ್‌ಮನ್ ಆಗ ನೋಡುವುದು ಪಕ್ಕನ್ನಲ್ಲ, ಎದೆಯನ್ನು. ಕೈ ಸುಳ್ಳು ಹೇಳಬಹುದು, ಮೈ ಹೋಗುವ ಕಡೆಗೇ ಎದೆ ಹೋಗುತ್ತದೆ.

ಇನ್ನೊಂದು ಲಕ್ಷಣವಿದೆ, ಈತನನ್ನು ಹೆಸರುವಾಸಿ ಮಾಡಿದ್ದು ಅದೇ. ದಾಳಿಯ ಹೊತ್ತಿನಲ್ಲಿ ಡಿಫೆನ್ಸ್‌ಮನ್ನರು ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಒಳಗಂಚಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಪಕ್ ಕಳೆದುಕೊಂಡರೆ ಹಿಂದೆ ಗೋಲ್‌ಕೀಪರ್ ಒಬ್ಬನೇ. ಹೆಚ್ಚಿನವರು ಅಲ್ಲಿ ಬಂದದ್ದನ್ನು ಬೇಗ ದಾಟಿಸಿ ಕೈ ತೊಳೆದುಕೊಳ್ಳುತ್ತಾರೆ. ಈತ ಎರಡೂ ಹಿಮ್ಮಡಿಗಳನ್ನು ಒಂದಕ್ಕೊಂದು ಎದುರಾಗಿಸಿ, ಪಾದ ಅಗಲಿಸಿ, ಗೆರೆಯುದ್ದಕ್ಕೂ ಅಡ್ಡಡ್ಡ ಜಾರುತ್ತಾನೆ, ಒಂದು ಕಣ್ಣು ಗೋಲಿನ ಮೇಲಿಟ್ಟು. ತಡೆಯಲು ಬಂದವನು ಒಂದು ಹೆಜ್ಜೆ ತಪ್ಪಿಟ್ಟರೆ ಆಯಿತು. ಒಂದು ಶಿಫ್ಟ್, ಅಂದರೆ ಬದಲಿ ಬರುವವರೆಗೆ ಆಟಗಾರ ಕಣದಲ್ಲಿರುವ ಹೊತ್ತು, ಮುಕ್ಕಾಲು ನಿಮಿಷದ ಆಸುಪಾಸು. ಅಷ್ಟರಲ್ಲಿ ಇದನ್ನು ಎರಡು ಬಾರಿ ಕಂಡರೆ ಆ ದಿನ ನನಗೆ ಹಬ್ಬ.

ಮಕಾರ್ ಹುಟ್ಟಿದ್ದು 1998ರಲ್ಲಿ, ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿನ ಪ್ರತಿಭಾವಂತ ಹುಡುಗರು ಹೆಚ್ಚಾಗಿ ಮೇಜರ್ ಜೂನಿಯರ್ ಲೀಗ್‌ಗೆ ಹೋಗುತ್ತಿದ್ದರು. ಹೋದವರಿಗೆ ಆಗಿನ ನಿಯಮದಂತೆ ಅಮೆರಿಕದ ಕಾಲೇಜು ಆಟದ ಬಾಗಿಲು ಮುಚ್ಚುತ್ತಿತ್ತು. ಅದು ತೆರೆದದ್ದು 2025ರಲ್ಲಿ. ಮಕಾರ್ ಒಂದು ಮೆಟ್ಟಿಲು ಕೆಳಗಿನ ಲೀಗ್ ಹಿಡಿದು, ಬ್ರೂಕ್ಸ್ ಎಂಬ ಬಯಲುಸೀಮೆಯ ಸಣ್ಣ ಊರಿನಲ್ಲಿ ಎರಡು ಚಳಿಗಾಲ ಆಡಿದ. ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ, 2017ರಲ್ಲಿ, ಕೊಲರಾಡೊ ಆವಲಾಂಚ್ ತಂಡ ಅವನನ್ನು ನಾಲ್ಕನೆಯವನಾಗಿ ಆರಿಸಿತು. ಆದರೂ ಆತ ಹೋದದ್ದು ಆ್ಯಮ್ಹರ್ಸ್ಟ್‌ಗೆ, ಹಿಂದಿನ ವರ್ಷ ಐದೇ ಪಂದ್ಯ ಗೆದ್ದು 29 ಸೋತಿದ್ದ ತಂಡಕ್ಕೆ.

ಮೊದಲ ವರ್ಷ 34 ಪಂದ್ಯ, ಗೋಲು ಮತ್ತು ಗೋಲಿಗೆ ನೆರವು ಸೇರಿ 21 ಪಾಯಿಂಟ್. ಅಷ್ಟಕ್ಕೇ ವೃತ್ತಿಪರನಾಗಬಹುದಿತ್ತು. ಆಗಲಿಲ್ಲ, ಇನ್ನೊಂದು ವರ್ಷ ಉಳಿದ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ದೊಡ್ಡ ಸಂಗತಿ ಇದೇ, ಕಪ್‌ಗಳಲ್ಲ. ಎರಡನೇ ವರ್ಷ 41 ಪಂದ್ಯ, 49 ಪಾಯಿಂಟ್. ತಂಡಕ್ಕೆ 31 ಗೆಲುವು. 2019ರ ಏಪ್ರಿಲ್ 12ರಂದು ಬಫಲೋದಲ್ಲಿ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ. ಮರುದಿನ ಅದೇ ಊರಿನಲ್ಲಿ ರಾಷ್ಟ್ರೀಯ ಕಾಲೇಜು ಫೈನಲ್. ಮಿನೆಸೋಟ ಡುಲೂತ್ ಎದುರು 0-3 ಸೋಲು. ಏಪ್ರಿಲ್ 15ರಂದು ಡೆನ್ವರ್‌ನಲ್ಲಿ ಕೊಲರಾಡೊ ಪರ ಎನ್‌ಎಚ್‌ಎಲ್ ಪ್ಲೇಆಫ್ ಪಂದ್ಯ, ಎದುರಾಳಿ ಹುಟ್ಟೂರಿನ ಕ್ಯಾಲ್ಗರಿ ತಂಡ; ಮೊದಲ ಪಂದ್ಯದಲ್ಲೇ ಗೋಲು. ಕಾಲೇಜಿನ ಬದುಕು ಅಲ್ಲಿಗೆ ಮುಗಿಯಿತು, ಎರಡು ವರ್ಷ, 75 ಪಂದ್ಯ. ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ 2022ರಲ್ಲಿ ಬಂತು. ಆ್ಯಮ್ಹರ್ಸ್ಟ್ ಹಾಕಿಯಲ್ಲಿ ತನ್ನ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 2021ರಲ್ಲಿ, ಅವನಿಲ್ಲದೆ.

ಆ ಎರಡು ವರ್ಷಗಳ ಪಂದ್ಯ ಯಾವುದಾದರೂ ಕಣ್ಣಿಗೆ ಬಿದ್ದರೆ ಗೋಲುಗಳನ್ನು ದಾಟಿಸಿಬಿಡಿ. ಪಕ್ ಎದುರಾಳಿಯ ಬಳಿ ಇರುವಾಗ ಪರದೆಯ ಅಂಚು ನೋಡಿ. 16 ಅಲ್ಲೇ ಹಿಮ್ಮುಖವಾಗಿ ಜಾರುತ್ತಿರುತ್ತಾನೆ.